ತೊಂಬತ್ತು ದಿನದ ಮುದ್ರೆ: ಸಣ್ಣ ವೆಬ್‌ಸೈಟಿಗೆ ಉಚಿತ ಭದ್ರತಾ ಪ್ರಮಾಣಪತ್ರ

"ನಮ್ಮ ಸೈಟಿನಾಗ ರೊಕ್ಕದ ವ್ಯವಹಾರನೇ ಇಲ್ರಿ, ಅದಕ್ಯಾಕ ಸರ್ಟಿಫಿಕೇಟು?" ವಿಜಯಪುರ ಜಿಲ್ಲೆಯ ತಾಲ್ಲೂಕು ಊರುಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಇಂಡಿಯ ಲಿಂಬೆ ವ್ಯಾಪಾರಿ, ಸಿಂದಗಿಯ ಕಾಲೇಜು, ಮುದ್ದೇಬಿಹಾಳದ ಪತ್ತಿನ ಸಹಕಾರಿ ಸಂಘ, ಬಸವಣ್ಣನವರ ಜನ್ಮಸ್ಥಳಕ್ಕೆ ಬರುವವರನ್ನು ನಂಬಿದ ಬಸವನ ಬಾಗೇವಾಡಿಯ ಲಾಡ್ಜು ಇಂಥವರ ವೆಬ್‌ಸೈಟುಗಳಲ್ಲಿ ಇರುವುದು ನಾಲ್ಕೈದು ಪುಟ, ಕೆಲವು ಫೋಟೊ, ಒಂದು ಫೋನ್ ನಂಬರು. ಕದಿಯುವುದಕ್ಕೆ ಅಲ್ಲಿ ಏನೂ ಇಲ್ಲ ಅನ್ನುವುದು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ.

ಆದರೆ ದಾರಿಯಲ್ಲಿ ಆಗುವುದು ಕಳವು ಮಾತ್ರವಲ್ಲ, ಸೇರಿಸುವುದೂ ಆಗುತ್ತದೆ. 2015ರ ಜೂನ್‌ನಲ್ಲಿ ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ಏರ್‌ಟೆಲ್ 3ಜಿ ಸಂಪರ್ಕದಲ್ಲಿ ತಮ್ಮದೇ ಬ್ಲಾಗನ್ನು ತೆರೆದು ಅದರ ಒಳಗಿನ ಕೋಡ್ ನೋಡಿದರು. ತಾವು ಬರೆಯದ ಜಾವಾಸ್ಕ್ರಿಪ್ಟ್ ಸಾಲುಗಳು ಅಲ್ಲಿದ್ದವು. ಸರ್ವರ್‌ನಿಂದ ಫೋನಿಗೆ ಬರುವ ನಡುದಾರಿಯಲ್ಲಿ ಯಾರೋ ಪುಟಕ್ಕೆ ಕೈ ಹಾಕಿದ್ದರು. ಗ್ರಾಹಕರ ಡೇಟಾ ಬಳಕೆ ತಿಳಿಯಲಿಕ್ಕೆ ಎಂಬುದು ಕಂಪನಿ ಕೊಟ್ಟ ವಿವರಣೆ. ವಿಷಯವನ್ನು ಬಯಲಿಗಿಟ್ಟ ತೇಜೇಶ್ ಅವರಿಗೆ ಆ ಕೋಡ್ ತಯಾರಿಸಿದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯಿಂದ ವಕೀಲರ ನೋಟಿಸ್ ಬಂತು. ಬ್ಲಾಗಿನಲ್ಲಿಯೂ ಹಣದ ವ್ಯವಹಾರ ಇರಲಿಲ್ಲ. ಆದರೂ ಪುಟ ಬದಲಾಯಿತು. ಸಾಲು ಸೇರಿಸಬಲ್ಲವನು ಲಿಂಬೆಯ ದರವನ್ನು ತಿದ್ದಬಲ್ಲ, ಲಾಡ್ಜಿನ ಫೋನ್ ನಂಬರಿನ ಜಾಗದಲ್ಲಿ ತನ್ನ ನಂಬರು ಕೂರಿಸಬಲ್ಲ. ಪ್ರಮಾಣಪತ್ರದ ಮೇಲೆ ನಿಂತ ಎಚ್‌ಟಿಟಿಪಿಎಸ್ ಸಂಪರ್ಕ ತಡೆಯುವುದು ಇದನ್ನು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಅದಿಲ್ಲದ ಎಲ್ಲ ಸೈಟುಗಳ ವಿಳಾಸದ ಪಕ್ಕದಲ್ಲಿ 'ಸುರಕ್ಷಿತವಲ್ಲ' ಎಂದು ತೋರಿಸತೊಡಗಿತು.

ಮೊದಲು ಪ್ರಮಾಣಪತ್ರವನ್ನು ಹಣ ಕೊಟ್ಟು ಕೊಳ್ಳಬೇಕಿತ್ತು. ಉಚಿತವಾಗಿ ಸಿಗುತ್ತಿದ್ದದ್ದು ಬಲು ಅಪರೂಪ. ಆ ಗೋಡೆ ಒಡೆದದ್ದು ಲೆಟ್ಸ್ ಎನ್‌ಕ್ರಿಪ್ಟ್. ಅಮೆರಿಕದ ಲಾಭರಹಿತ ಸಂಸ್ಥೆ ಐಎಸ್‌ಆರ್‌ಜಿ ನಡೆಸುವ ಈ ಸೇವೆಯ ಹಿಂದೆ ಆರಂಭದಲ್ಲಿ ಮೊಜಿಲ್ಲಾ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, ಮಿಶಿಗನ್ ವಿಶ್ವವಿದ್ಯಾಲಯದವರು ಇದ್ದರು. 2015ರ ಸೆಪ್ಟೆಂಬರ್‌ನಲ್ಲಿ ಮೊದಲ ಪ್ರಮಾಣಪತ್ರ ಹೊರಬಂತು, ಅದೇ ಡಿಸೆಂಬರ್‌ನಿಂದ ಯಾರು ಬೇಕಾದರೂ ಪಡೆಯುವಂತಾಯಿತು. ನನ್ನ ದೃಷ್ಟಿಯಲ್ಲಿ ಅಂತರ್ಜಾಲದಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಸಣ್ಣವರಿಗಾಗಿ ನಡೆದ ದೊಡ್ಡ ಕೆಲಸ ಇದು.

ಉಚಿತ ಅಂದಮೇಲೆ ಪರೀಕ್ಷೆ ಸಡಿಲ ಇರಬೇಕು ಎಂದುಕೊಳ್ಳಬೇಡಿ. ನಿಮ್ಮ ಸರ್ವರ್‌ನಲ್ಲಿರುವ ಸರ್ಟ್‌ಬಾಟ್‌ನಂಥ ತಂತ್ರಾಂಶ 'ಈ ಹೆಸರಿಗೆ ಪ್ರಮಾಣಪತ್ರ ಕೊಡಿ' ಎಂದು ಕೇಳುತ್ತದೆ. ಆ ಕಡೆಯಿಂದ ಒಂದು ಗುರುತಿನ ಸಾಲು ಬರುತ್ತದೆ. ಅದರಿಂದ ಒಂದು ಪುಟ್ಟ ಫೈಲ್ ಮಾಡಿ ವೆಬ್‌ಸೈಟಿನ ಗೊತ್ತಾದ ಫೋಲ್ಡರಿನಲ್ಲಿ ಇಡಬೇಕು. ಲೆಟ್ಸ್ ಎನ್‌ಕ್ರಿಪ್ಟ್‌ನ ಯಂತ್ರಗಳು ಪೋರ್ಟ್ 80ರ ಮೂಲಕ ಬಂದು ಆ ಫೈಲನ್ನು ಓದುತ್ತವೆ. ಸಾಲು ತಾಳೆಯಾದರೆ ಆ ಹೆಸರಿನ ಸೈಟ್ ನಿಮ್ಮ ಕೈಯಲ್ಲಿದೆ ಎಂದರ್ಥ. ಒಂದೇ ಕಡೆಯಿಂದ ನೋಡಿದರೆ ದಾರಿಯಲ್ಲಿ ಮೋಸವಾಗಬಹುದು ಎಂದು 2020ರಿಂದ ಲೋಕದ ಬೇರೆ ಬೇರೆ ಜಾಗಗಳಿಂದ ಏಕಕಾಲಕ್ಕೆ ಬಂದು ನೋಡುತ್ತವೆ. ಭಾರತದ ಹೊರಗಿನವರಿಗೆ ಸೈಟ್ ತೆರೆಯದಂತೆ ಫೈರ್‌ವಾಲ್ ಹಾಕಿಸಿಕೊಂಡವರಿಗೆ ಪ್ರಮಾಣಪತ್ರ ಸಿಗದಿರುವುದು ಇದೇ ಕಾರಣಕ್ಕೆ.

ಹಾಕಿಸುವ ಕೆಲಸ ಈಗ ಸುಲಭ. ನಮ್ಮ ಕಡೆಯ ಹೆಚ್ಚಿನ ಸಣ್ಣ ಸೈಟುಗಳು ಬಾಡಿಗೆ ಹೋಸ್ಟಿಂಗ್‌ನಲ್ಲಿರುತ್ತವೆ, ವಿಜಯಪುರದಲ್ಲೋ ಸೊಲ್ಲಾಪುರದಲ್ಲೋ ಇರುವ ಹುಡುಗರು ಯಾರೋ ಮಾಡಿಕೊಟ್ಟಿರುತ್ತಾರೆ. ಹೋಸ್ಟಿಂಗ್ ನಿರ್ವಹಿಸುವ ಸಿ-ಪ್ಯಾನೆಲ್ ಇದ್ದರೆ ಅದರೊಳಗೆ 'ಎಸ್‌ಎಸ್‌ಎಲ್/ಟಿಎಲ್‌ಎಸ್ ಸ್ಟೇಟಸ್' ಎಂಬ ಜಾಗವಿದೆ. ಪ್ರಮಾಣಪತ್ರವನ್ನು ತಾನೇ ತರುವ ಆಟೋ-ಎಸ್‌ಎಸ್‌ಎಲ್ ಸೌಲಭ್ಯವನ್ನು ಹೋಸ್ಟಿಂಗ್‌ನವರು ಕೊಟ್ಟಿದ್ದರೆ ಅಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರು, ಇಲ್ಲದ ಹೆಸರು ಎರಡಕ್ಕೂ ಟಿಕ್ ಬಿದ್ದಿದೆಯೇ ನೋಡಿ. ಆಮೇಲೆ ಹಳೆಯ ಎಚ್‌ಟಿಟಿಪಿ ವಿಳಾಸಕ್ಕೆ ಬಂದವರನ್ನು ಹೊಸ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಕಳಿಸುವ ರೀಡೈರೆಕ್ಟ್ ಹಾಕಿ. ಇಷ್ಟಾದರೂ ಬ್ರೌಸರ್ ತಕರಾರು ಮಾಡಿದರೆ ಪುಟದೊಳಗಿನ ಯಾವುದೋ ಫೋಟೊದ ವಿಳಾಸ ಇನ್ನೂ ಎಚ್‌ಟಿಟಿಪಿಯಲ್ಲೇ ಇದೆ, ಹುಡುಕಿ ತಿದ್ದಬೇಕು. ಪ್ರಮಾಣಪತ್ರ ಸಿಗಲಿಲ್ಲವೆಂದು ಸಿಟ್ಟಿನಲ್ಲಿ ಗುಂಡಿ ಒತ್ತುತ್ತಲೇ ಇರಬೇಡಿ. ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಪರೀಕ್ಷೆ ಐದು ಸಲ ತಪ್ಪಿದರೆ ಸ್ವಲ್ಪ ಹೊತ್ತು ಬಾಗಿಲು ಹಾಕಿಬಿಡುತ್ತಾರೆ. ಪ್ರಮಾಣಪತ್ರದ ಜೋಡಿಯಾದ ಖಾಸಗಿ ಕೀಲಿಯ ಫೈಲನ್ನು ಯಾರಿಗೂ ವಾಟ್ಸಾಪ್ ಮಾಡಬೇಡಿ, ಸೈಟ್ ಮಾಡಿಕೊಟ್ಟವರು ಕೇಳಿದರೂ. ಅದು ಸರ್ವರ್ ಬಿಟ್ಟು ಹೊರಗೆ ಹೋಗುವ ಅಗತ್ಯವೇ ಇಲ್ಲ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಎಪಿಎಂಸಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುತ್ತದಲ್ಲ, ಪ್ರಮಾಣಪತ್ರವೂ ಅಂಥದೇ. ಒಮ್ಮೆ ಹಾಕಿಸಿದ ಮುದ್ರೆ ಕಾಯಂ ನಡೆಯುವುದಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ಒಂದು ವರ್ಷ, ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಪ್ರಮಾಣಪತ್ರಕ್ಕೆ 90 ದಿನ. ಮುಂದೆ ಇನ್ನೂ ಕಡಿಮೆ: ಹಣ ಕೊಟ್ಟು ಕೊಂಡವೂ ಸೇರಿ ಎಲ್ಲ ಪ್ರಮಾಣಪತ್ರಗಳ ಗರಿಷ್ಠ ಆಯುಷ್ಯ 2029ರ ಮಾರ್ಚ್‌ನಿಂದ 47 ದಿನ ಎಂದು ಬ್ರೌಸರ್ ಕಂಪನಿಗಳೂ ಪ್ರಮಾಣಪತ್ರ ಕೊಡುವವರೂ ಕೂಡಿ 2025ರಲ್ಲಿ ತೀರ್ಮಾನಿಸಿದ್ದಾರೆ. ಕೀಲಿ ಕಳ್ಳರ ಕೈಗೆ ಸಿಕ್ಕರೂ ಅದು ಬಹಳ ದಿನ ಕೆಲಸಕ್ಕೆ ಬರಬಾರದು ಎಂಬುದು ಅದರ ಹಿಂದಿನ ವಿಚಾರ. ಅವಧಿ ಮುಗಿದ ದಿನ ಪರಿಸ್ಥಿತಿ ಪ್ರಮಾಣಪತ್ರವೇ ಇಲ್ಲದ ದಿನಕ್ಕಿಂತ ಕೆಡುತ್ತದೆ. ಪ್ರವೇಶದ ಅರ್ಜಿ ನೋಡಲು ಬಂದ ವಿದ್ಯಾರ್ಥಿಗೆ ಕಾಲೇಜಿನ ಪುಟದ ಬದಲು ಇಡೀ ಪರದೆ ತುಂಬ ಎಚ್ಚರಿಕೆ ಕಾಣುತ್ತದೆ. ಮೊದಲು ಲೆಟ್ಸ್ ಎನ್‌ಕ್ರಿಪ್ಟ್‌ನವರು ಅವಧಿ ಮುಗಿಯುತ್ತಿದೆ ಎಂದು ಇ-ಮೇಲ್ ಕಳಿಸುತ್ತಿದ್ದರು. 2025ರ ಜೂನ್‌ನಲ್ಲಿ ಅದನ್ನೂ ನಿಲ್ಲಿಸಿದ್ದಾರೆ.

ಆದ್ದರಿಂದ ಸೈಟ್ ಮಾಡಿಕೊಟ್ಟವರನ್ನು ಕೇಳಬೇಕಾದ ಪ್ರಶ್ನೆ: "ಇದು ತಾನೇ ರಿನ್ಯೂ ಆಗ್ತದೋ, ನೀವು ಬಂದು ಮಾಡಬೇಕೋ?" ಆಟೋ-ಎಸ್‌ಎಸ್‌ಎಲ್ ಇದ್ದರೆ ತಾನೇ ಆಗುತ್ತದೆ. ಸ್ವಂತ ಸರ್ವರ್ ಇದ್ದರೆ ಸರ್ಟ್‌ಬಾಟ್‌ಗೆ 'ಡ್ರೈ ರನ್' ಎಂಬ ತಾಲೀಮು ಇದೆ: ನವೀಕರಣವನ್ನು ಸುಮ್ಮನೆ ಆಡಿ ನೋಡಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಹೇಳುತ್ತದೆ, ನಿಜವಾದ ಪ್ರಮಾಣಪತ್ರವನ್ನು ಮುಟ್ಟುವುದಿಲ್ಲ. ಯಾವುದೋ ವೆಬ್‌ಸೈಟಿನಲ್ಲಿ ಪಡೆದು ಕೈಯಾರೆ ತಂದು ಅಂಟಿಸಿದ ಪ್ರಮಾಣಪತ್ರವಾದರೆ ಅದನ್ನು ಬಿಟ್ಟು ಹೋಸ್ಟಿಂಗ್ ಬದಲಿಸುವುದೇ ಒಳ್ಳೆಯದು. ಎರಡು-ಮೂರು ತಿಂಗಳಿಗೊಮ್ಮೆ ನೆನಪಿಟ್ಟು ಮಾಡುವ ಕೆಲಸ ಸುಗ್ಗಿಯಲ್ಲಿ ಮರೆತೇ ಮರೆಯುತ್ತದೆ.

ಎಲ್ಲ ಸರಿಯಿದ್ದೂ ಕೆಲವರ ಫೋನಿನಲ್ಲಿ ಮಾತ್ರ ಸೈಟ್ ತೆರೆಯುವುದಿಲ್ಲ. ಹಳ್ಳಿಯ ಗಿರಾಕಿಗಳಿಂದ ಇಂಥ ದೂರು ಬಂದರೆ ಮೊದಲು ಫೋನಿನ ತಾರೀಖು ನೋಡಲು ಹೇಳಿ. ತಾರೀಖು ಹಿಂದೆ ಬಿದ್ದಿದ್ದರೆ ಇನ್ನೂ ಹುಟ್ಟದ ಪ್ರಮಾಣಪತ್ರ ಎಂದು ಫೋನ್ ತಿಳಿಯುತ್ತದೆ. ಇನ್ನೊಂದು ಕಾರಣ ಹಳೆಯ ಆಂಡ್ರಾಯ್ಡ್. 7.1.1ಕ್ಕಿಂತ ಹಿಂದಿನವುಗಳ ನಂಬಿಕೆಯ ಪಟ್ಟಿಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ ಪ್ರಮಾಣಪತ್ರ ಇಲ್ಲ. ಅಂಥವರಿಗೆ 2025ರವರೆಗೆ ಫೈರ್‌ಫಾಕ್ಸ್ ಹಾಕಿಕೊಡಬಹುದಿತ್ತು. ಅದು ತನ್ನದೇ ಪಟ್ಟಿ ಇಟ್ಟುಕೊಂಡಿರುತ್ತದೆ.

ಮುದ್ರೆ ಬಿದ್ದ ತಕ್ಕಡಿ ತೂಕಕ್ಕಷ್ಟೇ ಜವಾಬ್ದಾರಿ, ಚೀಲದೊಳಗಿನ ಮಾಲಿಗಲ್ಲ. ಮೋಸದ ಸೈಟಿಗೂ ಇದೇ ಉಚಿತ ಪ್ರಮಾಣಪತ್ರ ಸಿಗುತ್ತದೆ. ಮುದ್ರೆ ಒತ್ತುವವರೂ ತಪ್ಪುವುದುಂಟು. 2014ರ ಜುಲೈಯಲ್ಲಿ ನಮ್ಮ ಕೇಂದ್ರ ಸರಕಾರದ ಎನ್‌ಐಸಿಯ ಹೆಸರಿನಡಿ ಗೂಗಲ್‌ನ ಕೆಲವು ಡೊಮೇನ್‌ಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದನ್ನು ಗೂಗಲ್ ಪತ್ತೆಹಚ್ಚಿತು. ಪ್ರಮಾಣಪತ್ರ ಕೊಡಲು ಎನ್‌ಐಸಿಗೆ ಇದ್ದ ಅಧಿಕಾರವನ್ನು ರದ್ದು ಮಾಡಬೇಕಾಯಿತು. ಈಗ ಹೊರಬರುವ ಪ್ರಮಾಣಪತ್ರಗಳು ಸಾರ್ವಜನಿಕ ದಾಖಲೆಗೆ ಸೇರುತ್ತವೆ. ನಿಮ್ಮ ಸೈಟಿನ ಹೆಸರಿಗೆ ಯಾವ ಸಂಸ್ಥೆ ಯಾವಾಗ ಪ್ರಮಾಣಪತ್ರ ಕೊಟ್ಟಿತು ಎಂಬುದನ್ನು ಇಂಡಿಯಲ್ಲಿ ಕೂತೇ ಹುಡುಕಬಹುದು.

ಈ ದಾಖಲೆಯೂ ಕಾಯಲಾರದ ಸಂಗತಿ ಒಂದಿದೆ. ಡೊಮೇನ್ ಹೆಸರಿನ ವಾರ್ಷಿಕ ಶುಲ್ಕ ಕಟ್ಟುವುದು ಮರೆತು ಆ ಹೆಸರು ಕೈತಪ್ಪಿದರೆ, ಅದನ್ನು ಕೊಂಡವರು ಅದೇ ದಿನ ಅದೇ ಹೆಸರಿಗೆ ಪ್ರಮಾಣಪತ್ರ ಪಡೆಯಬಲ್ಲರು, ಪೂರ್ತಿ ನಿಯಮದ ಪ್ರಕಾರ. ಡೊಮೇನ್ ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ಈ ವಾರವೇ ಸಂಸ್ಥೆಯ ಹೆಸರಿಗೆ ಮಾಡಿಸಿಕೊಳ್ಳಿ, ಸಂಸ್ಥೆಯ ಇ-ಮೇಲ್ ಕೊಡಿ, ಪಾಸ್‌ವರ್ಡನ್ನು ಲೆಕ್ಕದ ಪುಸ್ತಕ ಇಡುವ ಕಪಾಟಿನಲ್ಲಿಯೇ ಬರೆದಿಡಿ.