ಕಳವಾ ಗ್ಯಾರೇಜಿನಲ್ಲಿ ಗಾಳಿಯ ಲೆಕ್ಕ

ಮುಂಬೈ ಪಕ್ಕದ ಠಾಣೆ ನಗರದ ಕಡೆಯಿಂದ ಖಾಡಿಯ, ಅಂದರೆ ಅಳಿವೆಯ, ಸೇತುವೆ ಇಳಿದರೆ ಕಳವಾ ನಾಕಾ. ಅಲ್ಲಿಂದ ಬಲಕ್ಕೆ ಹೊರಳಿ ಬೇಲಾಪುರ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ, ರೈಲು ಹಳಿಯ ಅಡಿಯಲ್ಲಿ ನುಸುಳುವ ವಿಟಾವದ ತಗ್ಗುದಾರಿ. ಬೇಸಿಗೆಯಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಜುಲೈ ಬಂತೆಂದರೆ ದಿಘಾ, ಐರೋಲಿ ಕಡೆ ಕೆಲಸಕ್ಕೆ ಹೋಗುವವರು ಮನೆ ಬಿಡುವ ಮುಂಚೆ ಕೇಳುವುದು ಒಂದೇ, ವಿಟಾವದಲ್ಲಿ ನೀರು ನಿಂತಿದೆಯಾ? ಪಕ್ಕದಲ್ಲೇ ಖಾಡಿ, ಭರತದ ಹೊತ್ತಿಗೆ ಮಳೆ ಜೋರಾದರೆ ನೀರು ಹರಿದುಹೋಗಲು ಜಾಗವೇ ಇಲ್ಲ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದನ್ನು ಕಂಡ ತಲೆಮಾರಿಗೆ ನೀರಿನ ಭಯ ಇನ್ನೂ ಬಿಟ್ಟಿಲ್ಲ.

ಆ ಭಯವೇ ಜೀಪೊಂದನ್ನು ಕಳವಾದ ಈ ಗ್ಯಾರೇಜಿಗೆ ತಂದು ನಿಲ್ಲಿಸಿದೆ. ಹಳೆಯ ಮಹೀಂದ್ರ, 2.5 ಲೀಟರಿನ ಟರ್ಬೊ ಇಲ್ಲದ ಡೀಸೆಲ್ ಇಂಜಿನ್. ಬಾನೆಟ್ಟಿನ ಒಳಗಿರುವ ಗಾಳಿಯ ಬಾಯಿಯನ್ನು ಹೊರಗೆ ತಂದು, ಮುಂದಿನ ಗಾಜಿನ ಪಕ್ಕದಲ್ಲಿ ಚಾವಣಿಯ ಎತ್ತರಕ್ಕೆ ಏರಿಸಬೇಕು, ಅಂದರೆ ಸ್ನಾರ್ಕೆಲ್ ಹಾಕಬೇಕು ಎಂದು ಮಾಲೀಕರ ಆಸೆ. ಪೈಪು ಆಗಲೇ ಬಂದಿದೆ. ಅದಕ್ಕೆ ಯಾವ ಏರ್ ಫಿಲ್ಟರ್ ಜೋಡಿಸುವುದು ಎಂಬುದು ಮಾತ್ರ ಇತ್ಯರ್ಥವಾಗಿಲ್ಲ.

ಮೆಕ್ಯಾನಿಕ್ ವಿಜಯಪುರ ಜಿಲ್ಲೆಯವರು. ನನ್ನ ಕನ್ನಡ ಕಿವಿಗೆ ಬಿದ್ದದ್ದೇ ತಡ, ಮರಾಠಿ ಬದಿಗಿಟ್ಟು ಊರಿನ ಮಾತಿಗೆ ಇಳಿದರು. "ನೀರು ಕಣ್ಣಿಗೆ ಕಾಣತೈತಿ ಸರ, ಅದಕ್ಕ ಎಲ್ಲಾರೂ ಹೆದರತಾರ. ಧೂಳು ಕಾಣಂಗಿಲ್ಲ. ಇಂಜಿನ್ ತಿನ್ನೋದು ಧೂಳರಿ."

ನೀರಿನ ಭಯ ಸುಳ್ಳೇನಲ್ಲ. 2.5 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ನಿನಲ್ಲಿ ಒಂದೊಂದಕ್ಕೆ 625 ಸಿಸಿ. ಸಂಕೋಚನದ ಅನುಪಾತ 18ಕ್ಕೆ 1 ಎಂದಿಟ್ಟುಕೊಂಡರೆ, ಪಿಸ್ಟನ್ ಪೂರ್ತಿ ಮೇಲೇರಿದಾಗ ಉಳಿಯುವ ಜಾಗ ಸುಮಾರು 37 ಮಿಲಿಲೀಟರ್. ಕಳವಾ ಸ್ಟೇಷನ್ನಿನ ಹೊರಗೆ ಸಿಗುವ ಕಟಿಂಗ್ ಚಹಾದ ಅರ್ಧ ಲೋಟ. ಅದಕ್ಕಿಂತ ಹೆಚ್ಚು ನೀರು ಒಳಗೆ ಹೋದರೆ, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡೇ ಬಾಗುತ್ತದೆ. ತಗ್ಗಿನಲ್ಲಿ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿಸಿಕೊಂಡು ಬನ್ನಿ ಎಂದು ಮೆಕ್ಯಾನಿಕ್‌ಗಳು ಗೋಗರೆಯುವುದು ಇದಕ್ಕೇ.

ಆದರೆ ವಿಟಾವದಲ್ಲಿ ನೀರು ನಿಲ್ಲುವುದು ವರ್ಷದಲ್ಲಿ ಎಷ್ಟು ದಿನ? ಉಳಿದ ದಿನಗಳಲ್ಲಿ ಈ ಜೀಪು ಉಸಿರಾಡುವುದು ಯಾವ ಗಾಳಿಯನ್ನು ಎಂದು ತಿಳಿಯಬೇಕಾದರೆ ಗ್ಯಾರೇಜು ಬಿಟ್ಟು ರೇತಿಬಂದರ್ ಕಡೆ ಹೋಗಬೇಕು. ಒಂದು ಕಡೆ ಪಾರ್ಸಿಕ್ ಗುಡ್ಡ, ಇನ್ನೊಂದು ಕಡೆ ಖಾಡಿ. ಗುಡ್ಡ ಸುತ್ತಿಕೊಂಡು ಬರುವ ಮುಂಬ್ರಾ ಬೈಪಾಸಿನಲ್ಲಿ ಜವಾಹರಲಾಲ್ ನೆಹರೂ ಬಂದರಿನಿಂದ ಭಿವಂಡಿ, ನಾಸಿಕ, ಗುಜರಾತ್ ಕಡೆ ಹೊರಟ ಕಂಟೇನರ್ ಲಾರಿಗಳ ಸಾಲು. ನಡುನಡುವೆ ಕೆಎ 22, ಕೆಎ 28 ಫಲಕಗಳೂ ಕಣ್ಣಿಗೆ ಬೀಳುತ್ತವೆ. ಟೈರು ಅರೆದ ಕಲ್ಲುಪುಡಿ, ಕಟ್ಟಡಗಳ ಸಿಮೆಂಟು, ಡೀಸೆಲ್ ಮಸಿ, ಇವೆಲ್ಲಕ್ಕೆ ಅಂಟು ಹಚ್ಚಲು ಖಾಡಿಯ ಉಪ್ಪು ತೇವ. ಐದು ನಿಮಿಷ ನಿಂತರೆ ಕನ್ನಡಕ ಒರೆಸಬೇಕು.

ಇಲ್ಲಿ ಸಾಗುವ ಲಾರಿಗಳನ್ನೇ ನೋಡಿ. ಹಲವುಗಳ ಕ್ಯಾಬಿನ್ನಿನ ಹಿಂದೆ ನೆಟ್ಟಗೆ ನಿಂತ ಕಪ್ಪು ಕೊಳವೆ ಇದೆ. ಇಂಜಿನ್ನಿಗೆ ಗಾಳಿ ಅದರ ತುದಿಯಿಂದಲೇ. ಕಂಪನಿಯವರು ಅಷ್ಟು ಎತ್ತರಕ್ಕೆ ಹೋದದ್ದು ನೀರಿಗಿಂತ ಹೆಚ್ಚಾಗಿ ಧೂಳಿಗಾಗಿ. ಚಕ್ರ ಎಬ್ಬಿಸುವ ದಪ್ಪ ಧೂಳು ನೆಲದ ಹತ್ತಿರವೇ ದಟ್ಟ, ಮೇಲೆ ಹೋದಷ್ಟೂ ತೆಳು. ಬಾನೆಟ್ಟಿನ ಹೊರಗಿನ ಗಾಳಿ ತಂಪು ಎಂಬುದೂ ಲಾಭವೇ. 60 ಡಿಗ್ರಿ ಕಾದ ಗಾಳಿಯ ಬದಲು 30 ಡಿಗ್ರಿಯದ್ದು ಸಿಕ್ಕರೆ ಅಷ್ಟೇ ಜಾಗದಲ್ಲಿ ಸುಮಾರು ಶೇ 10ರಷ್ಟು ಹೆಚ್ಚು ಗಾಳಿ ಹಿಡಿಸುತ್ತದೆ. ಸ್ನಾರ್ಕೆಲ್ ಮಾರುವವರು ಪ್ರವಾಹದ ಚಿತ್ರ ತೋರಿಸುವ ಬದಲು ಇದನ್ನು ಹೇಳಿದ್ದರೆ ನನಗೆ ಅವರ ಮೇಲೆ ಹೆಚ್ಚು ನಂಬಿಕೆ ಬರುತ್ತಿತ್ತು.

ಗ್ಯಾರೇಜಿನ ಬೆಂಚಿನ ಮೇಲೆ ಮೂರು ಫಿಲ್ಟರ್‌ಗಳಿವೆ. ಮೊದಲನೆಯದು ಜೀಪಿನಿಂದಲೇ ಬಿಚ್ಚಿದ್ದು: ತಳದಲ್ಲಿ ಎಣ್ಣೆ ತುಂಬುವ ಬಟ್ಟಲಿರುವ ಆಯಿಲ್ ಬಾತ್. ಗಾಳಿ ಎಣ್ಣೆಯ ಮೇಲೆ ಹಾದು ಹೊರಳುವಾಗ ಧೂಳು ಎಣ್ಣೆಗೆ ಅಂಟುತ್ತದೆ. ಟ್ರ್ಯಾಕ್ಟರ್ ಇಟ್ಟವರಿಗೆಲ್ಲ ಇದು ಗೊತ್ತು. ಬಟ್ಟಲಿನ ಕೆಸರು ಚೆಲ್ಲಿ ಹೊಸ ಎಣ್ಣೆ ಹೊಯ್ದರೆ ಮುಗಿಯಿತು, ಅಂಗಡಿ ಹುಡುಕುವ ಕೆಲಸವಿಲ್ಲ. ಆದರೆ ಇಂಜಿನ್ ನಿಧಾನವಾಗಿ ತಿರುಗುವಾಗ ಗಾಳಿಗೆ ವೇಗ ಸಾಲದೆ ಸಣ್ಣ ಧೂಳು ಎಣ್ಣೆ ಮುಟ್ಟದೆ ನುಸುಳಿಬಿಡುತ್ತದೆ. ಕಳವಾ ನಾಕಾದ ಟ್ರಾಫಿಕ್ಕಿನಲ್ಲಿ ಇಂಜಿನ್ ನಿಧಾನವಾಗಿ ತಿರುಗುವುದೇ ಹೆಚ್ಚು.

ಎರಡನೆಯದು ಕೆಂಪು ಬಟ್ಟೆಯ ಶಂಕುವಿನಾಕಾರದ್ದು, ಹುಡುಗರ ಭಾಷೆಯಲ್ಲಿ ಸ್ಪೋರ್ಟ್ಸ್ ಫಿಲ್ಟರ್. ಹತ್ತಿಯ ಜಾಳಿಗೆ ಎಣ್ಣೆ ಸವರಿದ್ದು. ತೊಳೆದು ಮತ್ತೆ ಬಳಸಬಹುದು, ಸದ್ದೂ ಜೋರು. ಗಾಳಿ ಸಲೀಸಾಗಿ ಹೋಗುತ್ತದೆ, ಜೊತೆಗೆ ಸಣ್ಣ ಧೂಳೂ ಹೋಗುತ್ತದೆ. ಹೊಸ ಕಾಲದ ಇಂಜಿನ್ ಆದರೆ ಅದರ ಎಣ್ಣೆ ಗಾಳಿ ಅಳೆಯುವ ಸೆನ್ಸರಿಗೆ ಮೆತ್ತಿ ಬೇರೆಯೇ ಕಾಟ. ಇದಕ್ಕಿಂತ ದೊಡ್ಡ ತಕರಾರು, ಇದಕ್ಕೆ ಡಬ್ಬಿಯಿಲ್ಲ. ಬಾನೆಟ್ಟಿನೊಳಗೆ ತೆರೆದು ಕೂರಿಸಿದರೆ ಕಾದ ಗಾಳಿಯನ್ನೇ ಎಳೆಯುತ್ತದೆ. ಸ್ನಾರ್ಕೆಲಿನ ತುದಿಗೆ ಸಿಕ್ಕಿಸಿದರೆ ಮಳೆಗೆ ಬಾಯಿ ತೆರೆದು ನಿಲ್ಲುತ್ತದೆ. ರೇಸಿನ ಮೈದಾನದಲ್ಲಿ ಇರಲಿ, ಇಲ್ಲಿ ಬೇಡ.

ಮೂರನೆಯದು ನೋಡಲು ಸಪ್ಪೆ: ತಗಡಿನ ಡಬ್ಬಿಯೊಳಗೆ ಮಡಿಕೆ ಮಡಿಕೆಯ ಕಾಗದ. ಸಣ್ಣ ಲಾರಿಗಳಲ್ಲಿ, ಜನರೇಟರ್‌ಗಳಲ್ಲಿ ಇರುವಂಥದು. ಒಳ್ಳೆಯ ಕಾಗದ ತೂಕದ ಲೆಕ್ಕದಲ್ಲಿ ಶೇ 99ಕ್ಕಿಂತ ಹೆಚ್ಚು ಧೂಳು ಹಿಡಿಯುತ್ತದೆ. ಅದನ್ನು ಅಳೆಯುವುದಕ್ಕೆ ಐಎಸ್‌ಒ 5011 ಎಂಬ ಮಾನದಂಡವೇ ಇದೆ. ಸ್ವಲ್ಪ ಧೂಳು ಕೂತ ಮೇಲೆ ರಂಧ್ರಗಳು ಕಿರಿದಾಗಿ ಇನ್ನೂ ಚೆನ್ನಾಗಿ ಸೋಸುತ್ತದೆ. ಹಾಗಾಗಿ ವಾರಕ್ಕೊಮ್ಮೆ ಬಿಚ್ಚಿ, ಫುಟ್‌ಪಾತಿಗೆ ಬಡಿದು, ಕಂಪ್ರೆಸರ್ ಹಿಡಿದು ಊದುವುದು ಸೇವೆಯಲ್ಲ, ಹಿಂಸೆ. ಕಾಗದ ಹರಿಯುತ್ತದೆ, ರಬ್ಬರಿನ ಅಂಚು ಸಡಿಲವಾಗುತ್ತದೆ. ಡಬ್ಬಿಯ ಮೇಲೆ ಒಂದು ಪುಟ್ಟ ಸೂಚಕ ಹಾಕಿಸಿದರೆ, ಫಿಲ್ಟರ್ ಕಟ್ಟಿಕೊಂಡಾಗ ಕೆಂಪು ತೋರಿಸುತ್ತದೆ. ಅಲ್ಲಿಯವರೆಗೆ ಕೈ ಹಾಕಬಾರದು.

ಡಬ್ಬಿಯ ಅಳತೆಗೆ ಮೆಕ್ಯಾನಿಕ್ ಸ್ಲೇಟಿನಂಥ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗುಣಾಕಾರ ಮಾಡಿದರು. ನಿಮಿಷಕ್ಕೆ 3200 ಸುತ್ತಿನಲ್ಲಿ ಈ ಇಂಜಿನ್ ಗಾಳಿ ತುಂಬಿಕೊಳ್ಳುವುದು ಅದರ ಅರ್ಧ, 1600 ಸಲ. 2.5 ಲೀಟರಿನಿಂದ ಗುಣಿಸಿದರೆ 4000 ಲೀಟರ್. ಪೂರ್ತಿ ತುಂಬುವುದಿಲ್ಲವೆಂದು ಶೇ 85 ಹಿಡಿದರೆ 3400 ಲೀಟರ್. ಅಂದರೆ ನಿಮಿಷಕ್ಕೆ ಸುಮಾರು ಮೂರೂವರೆ ಘನ ಮೀಟರ್ ಹಾಯಿಸುವ ಡಬ್ಬಿ ಬೇಕು, ಸ್ವಲ್ಪ ದೊಡ್ಡದಾದರೆ ಇನ್ನೂ ಒಳ್ಳೆಯದು. ಟರ್ಬೊ ಇದ್ದರೆ ಲೆಕ್ಕ ಹೆಚ್ಚುಕಡಿಮೆ ಇಮ್ಮಡಿ ಆಗಬಹುದು.

ಪೈಪಿನಲ್ಲೇ ಜನ ಉಳಿತಾಯ ಮಾಡಲು ಹೋಗುವುದು. 75 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಈ ಗಾಳಿ ಸೆಕೆಂಡಿಗೆ 13 ಮೀಟರ್ ವೇಗದಲ್ಲಿ ಹೋಗುತ್ತದೆ. 50 ಮಿ.ಮೀ.ಗೆ ಇಳಿಸಿದರೆ ವೇಗ 29 ಮೀಟರ್, ತಡೆ ಕನಿಷ್ಠ ಐದು ಪಟ್ಟು. ಹೊಗೆ ಕಪ್ಪಾಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಬೈಗುಳ ಮಾತ್ರ ಫಿಲ್ಟರಿಗೆ.

ಇನ್ನು ಜೋಡಣೆ. ಫಿಲ್ಟರಿಗಿಂತ ಮೊದಲಿನ ಪೈಪು ಎಲ್ಲಾದರೂ ಸೋರಿದರೆ ಆ ಧೂಳನ್ನು ಫಿಲ್ಟರ್ ಹಿಡಿಯುತ್ತದೆ; ಸೋರಿದ್ದು ನೀರಾದರೆ ಸ್ನಾರ್ಕೆಲ್ ಹಾಕಿಸಿದ್ದೇ ದಂಡ. ಫಿಲ್ಟರ್ ದಾಟಿದ ಮೇಲಿನ ಹೋಸ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಇಂಜಿನ್ ಅದರಿಂದಲೇ ಧೂಳು ಎಳೆದು ಸಿಲಿಂಡರಿನ ಬೋರನ್ನು ಅರೆಯುತ್ತದೆ. ಜೊತೆಗೆ ಆ ಹೋಸ್ ಒಳಗೆ ತಂತಿ ಸುತ್ತಿದ್ದಾಗಿರಬೇಕು, ಇಲ್ಲವಾದರೆ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಕ್ಲಾಂಪ್ ಸ್ಟೇನ್‌ಲೆಸ್ ಸ್ಟೀಲಿನದ್ದೇ ಬೇಕು. ಖಾಡಿಯ ಉಪ್ಪುಗಾಳಿಗೆ ಮಾಮೂಲಿ ಕ್ಲಾಂಪ್ ತುಕ್ಕು ತಿನ್ನುತ್ತದೆ. ತಿಂಗಳಾದ ಮೇಲೆ ಹೋಸ್ ಬಿಚ್ಚಿ ಬಿಳಿ ಬಟ್ಟೆಯಲ್ಲಿ ಒಳಗೆ ಒರೆಸಿ ನೋಡುವುದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

"ಮತ್ತ ಆ ಬಾಯಿ ಮುಂದಕ್ಕ ಇಡಬ್ಯಾಡ್ರಿ," ಎಂದರು ಮೆಕ್ಯಾನಿಕ್, ಸ್ನಾರ್ಕೆಲಿನ ತಲೆಯನ್ನು ಕೈಯಲ್ಲಿ ತಿರುಗಿಸುತ್ತ. "ಮಳ್ಯಾಗ ಓಡಿಸಿದ್ರ ನೀರು ಸೀದಾ ಒಳಗ ಹೊಡೀತೈತಿ." ಒದ್ದೆಯಾದ ಕಾಗದ ಉಬ್ಬಿ ಉಸಿರು ಕಟ್ಟಿಸುತ್ತದೆ. ಬಾಯನ್ನು ಹಿಂದಕ್ಕೆ ತಿರುಗಿಸಬೇಕು, ಇಲ್ಲವೇ ಗಾಳಿಯನ್ನು ಸುತ್ತಿಸಿ ಹನಿಯನ್ನೂ ದಪ್ಪ ಧೂಳನ್ನೂ ಹೊರಗೆಸೆಯುವ ಪ್ರೀ ಕ್ಲೀನರ್ ಕೂರಿಸಬೇಕು. ಅದು ಸಣ್ಣ ಧೂಳನ್ನು ಹಿಡಿಯದು, ಆದರೆ ಕಾಗದದ ಆಯುಷ್ಯ ಹೆಚ್ಚಿಸುತ್ತದೆ. ಡಬ್ಬಿಯ ತಳದಲ್ಲಿ ರಬ್ಬರಿನ ತುಟಿಯಂಥ ವಾಲ್ವ್ ಇರಬೇಕು, ಒಳಗೆ ಇಳಿದ ನೀರು ಅಲ್ಲೇ ಹೊರಬೀಳಲು.

ಮಾಲೀಕರು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ: ಇದಕ್ಕೆಲ್ಲ ಕಾನೂನು ಒಪ್ಪುತ್ತದೆಯೇ? ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಅಡ್ಡ ನಿಲ್ಲುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಕಂಪನಿಯಿಂದಲೇ ಸ್ನಾರ್ಕೆಲ್ ಹಾಕಿಕೊಂಡು ಬರುವ ಫೋರ್ಸ್ ಗೂರ್ಖಾದಂಥ ಗಾಡಿಗೆ ಈ ಚಿಂತೆಯಿಲ್ಲ. ಹಾಗೆಂದು ಅದೂ ಚಾವಣಿಯವರೆಗಿನ ನೀರಿಗೆ ಇಳಿಯುವಂತಿಲ್ಲ. ಕಂಪನಿ ಹೇಳುವ ಮಿತಿ 700 ಮಿ.ಮೀ. ಹೊರಗೆ ಹಾಕಿಸುವವರು ಪೈಪು ಕೊಳ್ಳುವ ಮೊದಲೇ ಆರ್‌ಟಿಒದಲ್ಲೂ ವಿಮೆಯವರಲ್ಲೂ ಲಿಖಿತವಾಗಿ ಕೇಳಿಕೊಳ್ಳುವುದು ವಾಸಿ. ವಿಟಾವ ಒಂದಕ್ಕೇ ಹೆದರುವ ಮಾಮೂಲಿ ಕಾರಿನವರಿಗೆ ನಾನು ಇದ್ಯಾವುದನ್ನೂ ಹೇಳುವುದಿಲ್ಲ. ಒಳ್ಳೆಯ ಕಾಗದದ ಫಿಲ್ಟರ್ ಹಾಕಿಸಿ, ವಿಮೆಯಲ್ಲಿ ಇಂಜಿನ್ ರಕ್ಷಣೆಯ ಕಲಮು ಸೇರಿಸಿಕೊಳ್ಳಿ, ತಗ್ಗಿನಲ್ಲಿ ನೀರು ಕಂಡ ದಿನ ಗಾಡಿಯನ್ನು ಮನೆಯಲ್ಲೇ ಬಿಟ್ಟು ಲೋಕಲ್ ಹಿಡಿಯಿರಿ.

ಜೀಪಿಗೆ ಕೊನೆಗೆ ತಗಡಿನ ಡಬ್ಬಿಯೇ ಗತಿಯಾಯಿತು. ಕೆಂಪು ಫಿಲ್ಟರನ್ನು ಮಾಲೀಕರು ಇನ್ನೊಮ್ಮೆ ಕೈಗೆತ್ತಿಕೊಂಡು ಬೆಲೆ ವಿಚಾರಿಸಿದರು. ಮೆಕ್ಯಾನಿಕ್ ಬೆಲೆ ಹೇಳಲೇ ಇಲ್ಲ.