ಸಿಹಿ ನೀರು ಅಂದ್ರೆ ಒಳ್ಳೆ ನೀರಾ?

ಇವತ್ತಿನ ಎಪಿಸೋಡನ್ನ ಒಂದು ಲೋಟ ಬೋರ್‌ವೆಲ್ ನೀರಿನಿಂದ ಶುರು ಮಾಡೋಣ. ನೀರು ತಿಳಿಯಾಗಿದೆ, ವಾಸನೆ ಇಲ್ಲ, ಕುಡಿದ್ರೆ ಸಿಹಿಯಾಗೇ ಇದೆ. ಹಾಗಾದ್ರೆ ಒಳ್ಳೆ ನೀರಾ? ಜಲವಿಜ್ಞಾನದ ಪ್ರಕಾರ ಇದಕ್ಕೆ ಉತ್ತರ ಒಂದೇ: ಅಳೆದು ನೋಡದೆ ಹೇಳೋಕಾಗಲ್ಲ. ಹಾಗೆ ಅಳೆಯೋದನ್ನೇ ಜೀವನದ ಕೆಲಸ ಮಾಡ್ಕೊಂಡವರ ಬಗ್ಗೆ ಇವತ್ತು ಮಾತಾಡೋಣ.

ನಮ್ಮ ದಾವಣಗೆರೆ ಜಿಲ್ಲೆಯನ್ನೇ ನೋಡಿ. ಹೊನ್ನಾಳಿ ಪಕ್ಕದಲ್ಲೇ ತುಂಗಭದ್ರೆ ಹರೀತಾಳೆ. ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು. ಚನ್ನಗಿರಿಯಲ್ಲಿ ಸೂಳೆಕೆರೆ, ಅಂದ್ರೆ ಶಾಂತಿಸಾಗರ ಇದೆ. ಜೊತೆಗೆ ಬೇಸಿಗೆಯಲ್ಲೂ ನೀರು ಕೇಳೋ ಅಡಿಕೆ ತೋಟಗಳಿವೆ. ಜಗಳೂರು ಬರದ ತಾಲ್ಲೂಕು. ಅಲ್ಲಿನ 57 ಕೆರೆಗಳಿಗೆ ಹರಿಹರದ ಕಡೆಯಿಂದ ತುಂಗಭದ್ರೆ ನೀರು ಹರಿಸೋ ಯೋಜನೆ ಬಂದಿದ್ದೇ ಅದಕ್ಕೆ. ಒಂದೇ ಜಿಲ್ಲೆ, ಆದರೆ ಒಂದು ಊರಿನ ನೀರಿನ ರಿಪೋರ್ಟ್ ಇನ್ನೊಂದು ಊರಿಗೆ ಉಪಯೋಗಕ್ಕೆ ಬರಲ್ಲ.

ಯಾಕೆ ಗೊತ್ತಾ? ನಮ್ಮ ಕಡೆ ನೆಲದಡಿ ಇರೋದು ಗಟ್ಟಿ ಬಂಡೆ. ನೀರು ನಿಲ್ಲೋದು ಅದರ ಬಿರುಕುಗಳಲ್ಲಿ. ಗ್ರಾನೈಟ್‌ನಂಥ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತೆ. ನೀರು ಆಳದಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ಕರಗೋಕೆ ಅವಕಾಶ ಹೆಚ್ಚು. ಕುಡಿಯೋ ನೀರಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ಸಾಕು. ಬೇರೆ ನೀರೇ ಇಲ್ಲದಿದ್ರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಅನ್ನುತ್ತೆ ಭಾರತೀಯ ಮಾನಕ. ಇಷ್ಟು ಸಣ್ಣ ವ್ಯತ್ಯಾಸ ನಾಲಿಗೆಗೆ ಸಿಗಲ್ಲ. ಆದರೆ ವರ್ಷಗಟ್ಟಲೆ ಹೆಚ್ಚು ಕುಡಿದ್ರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತೆ. ಇನ್ನೂ ಹೆಚ್ಚಾದ್ರೆ ಮೂಳೆ, ಕೀಲುಗಳಿಗೂ ಪೆಟ್ಟು. ಕುದಿಸಿದ್ರೂ ಹೋಗಲ್ಲ, ನೀರು ಆವಿಯಾಗುತ್ತೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತೆ.

ಇನ್ನೊಂದು ನೈಟ್ರೇಟ್. ಇದು ಮೇಲಿನಿಂದ ಇಳಿಯುತ್ತೆ: ರಸಗೊಬ್ಬರ, ತಿಪ್ಪೆ, ಶೌಚಗುಂಡಿ. ಇದರ ಮಿತಿ ಲೀಟರ್‌ಗೆ 45 ಮಿಲಿಗ್ರಾಂ. ಮೀರಿದ್ರೆ ಹಸುಗೂಸುಗಳಿಗೆ ಅಪಾಯ. ಇದರ ಬಗ್ಗೆ ಒಳ್ಳೆ ಅಧ್ಯಯನ ನಡೆದಿರೋದು ನಮ್ಮಿಂದ ದೂರದ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಲವಿಜ್ಞಾನಿ ಪ್ರೊ. ಎಂ. ಶೇಖರ್ ಮತ್ತು ಅವರ ಫ್ರೆಂಚ್ ಸಹೋದ್ಯೋಗಿಗಳು ಅಲ್ಲಿ ವರ್ಷಗಟ್ಟಲೆ ಬೋರ್‌ವೆಲ್‌ಗಳನ್ನ ಅಳೆದ್ರು. ಅದೇ ನೀರನ್ನ ಎತ್ತಿ ಹೊಲಕ್ಕೆ ಬಿಟ್ಟು, ಅದು ಗೊಬ್ಬರದ ಜೊತೆ ಇಂಗಿ, ಮತ್ತೆ ಅದನ್ನೇ ಎತ್ತಿದ್ರೆ ನೈಟ್ರೇಟ್ ಕೂಡ್ತಾ ಹೋಗುತ್ತೆ ಅಂತ ಅವರು ತೋರಿಸಿದ್ರು. ಬೋರ್‌ವೆಲ್ ನಂಬಿರೋ ಯಾವ ಊರಿಗಾದ್ರೂ ಇದು ಎಚ್ಚರಿಕೆ.

ಅಂದ್ರೆ ಕೆಲಸದ ಜೀವಾಳ ಒಂದೇ ಬಾವಿಗೆ ಮತ್ತೆ ಮತ್ತೆ ಹೋಗೋದು. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನ ವರ್ಷಕ್ಕೆ 4 ಸಲ ಅಳೆಯುತ್ತೆ: ಜನವರಿ, ಮುಂಗಾರಿಗೆ ಮೊದಲು, ಆಗಸ್ಟ್, ನವೆಂಬರ್. ನಾನು ಬಿ.ಕಾಂ. ಓದಿದವನು, ನನಗೆ ಹೀಗೆ ಅರ್ಥ ಆಯ್ತು: ಒಂದು ದಿನದ ಬ್ಯಾಲೆನ್ಸ್ ನೋಡಿ ಮನೆ ಪರಿಸ್ಥಿತಿ ಹೇಳೋಕಾಗಲ್ಲ, ಸ್ಟೇಟ್‌ಮೆಂಟ್ ಬೇಕು.

ಈ ಕೆಲಸಕ್ಕೆ ದಾರಿ? ಭೂವಿಜ್ಞಾನ ಅಥವಾ ಜಲಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಆಮೇಲೆ ಯುಪಿಎಸ್‌ಸಿಯ ಕಂಬೈಂಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ. ರಾಜ್ಯದಲ್ಲಿ ಅಂತರ್ಜಲ ನಿರ್ದೇಶನಾಲಯವೂ ಇದೆ.

ಕೊನೆಗೆ ನಿಮಗೊಂದು ಕೆಲಸ. ಮೋಟಾರ್ ಐದು ನಿಮಿಷ ಓಡಿಸಿ, ಶುದ್ಧ ಬಾಟಲಿಯನ್ನ ಅದೇ ನೀರಲ್ಲಿ ತೊಳೆದು ತುಂಬಿ. ಊರು, ತಾರೀಖು ಬರೆದು ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಡಿ. ಫ್ಲೋರೈಡ್, ನೈಟ್ರೇಟ್ ಎರಡನ್ನೂ ಕೇಳಿ. ರಿಪೋರ್ಟ್‌ನ ಫೋಟೋ ಇಟ್ಕೊಳ್ಳಿ, ಮುಂದಿನ ಬೇಸಿಗೆಗೆ ಅದೇ ಬೋರ್‌ವೆಲ್ ನೀರನ್ನ ಮತ್ತೆ ಪರೀಕ್ಷೆ ಮಾಡಿಸಿ. ಮನೇಲಿ ಚಿಕ್ಕ ಮಕ್ಕಳಿದ್ರೆ ಮುಂದೂಡಬೇಡಿ. ಸಿಗೋಣ.