ಕಾಲುವೆ ತೋಡಿದ ಕೈಗಳು ಕಟ್ಟಿದ ಚರ್ಚ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ 1876–78ರ ಮಹಾ ಕ್ಷಾಮ ಒಂದೆರಡು ಅಂಕದ ಪ್ರಶ್ನೆ. ಆಗ ವೈಸ್‌ರಾಯ್ ಯಾರು? ಲಿಟ್ಟನ್. ಆಮೇಲೆ ಬಂದ ಕ್ಷಾಮ ಆಯೋಗದ ಅಧ್ಯಕ್ಷ ಯಾರು? ರಿಚರ್ಡ್ ಸ್ಟ್ರೇಚಿ. ಉತ್ತರ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ನಮ್ಮ ಹಳೇ ಮೈಸೂರಿನ ಕಡೆ ಇದೇ ಕ್ಷಾಮಕ್ಕೆ ಧಾತು–ಈಶ್ವರ ಸಂವತ್ಸರಗಳ ಬರ ಎಂದು ಹೆಸರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಳ್ಳಾರಿ, ಕರ್ನೂಲು, ಕಡಪ, ನೆಲ್ಲೂರು ಸೀಮೆಗಳೂ ಬೆಂದು ಹೋದವು.

ಆ ಬರದ ನಡುವೆ, ಆಗಿನ ನೆಲ್ಲೂರು ಜಿಲ್ಲೆಯ ಒಂಗೋಲಿನಲ್ಲಿ ಒಂದು ಸಣ್ಣ ಚರ್ಚ್ ಇತ್ತು. ಒಂಗೋಲು ಎಂದರೆ ನಮಗೆ ಎತ್ತರದ ಹಿಣಿಲಿನ ಬಿಳಿ ಎತ್ತುಗಳು ನೆನಪಾಗುತ್ತವೆ. ಅದೇ ಊರಿನ ಈ ಚರ್ಚ್ ಎಂಟು ಸದಸ್ಯರಿಂದ ಶುರುವಾಗಿ ಹನ್ನೆರಡು ವರ್ಷದೊಳಗೆ 12 ಸಾವಿರ ದಾಟಿತು. ಜಗತ್ತಿನ ಅತಿ ದೊಡ್ಡ ಬ್ಯಾಪ್ಟಿಸ್ಟ್ ಸಭೆ ಎಂದು ಅದು ಆಗ ಹೆಸರಾಯಿತು. ಅದನ್ನು ಬೆಳೆಸಿದವರಲ್ಲಿ ಬಹುಪಾಲು ಜನ ಚಪ್ಪಲಿ ಹೊಲಿಯುತ್ತಿದ್ದ, ಚರ್ಮ ಹದ ಮಾಡುತ್ತಿದ್ದ ಮಾದಿಗರು. ಉದ್ಯೋಗ ಹುಡುಕುತ್ತಿರುವ ನಾವು ಈ ಕಥೆಯನ್ನು ಓದಬೇಕಾದ ಕಾರಣವೊಂದಿದೆ. ಹಸಿದವನಿಗೆ ಕೆಲಸ ಕೊಡುವವನು ಅವನಿಂದ ಪ್ರತಿಯಾಗಿ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬ ಪ್ರಶ್ನೆ ಇದರ ನಡುವೆ ಕೂತಿದೆ.

ನಕ್ಷೆಯಲ್ಲಿ ಒಂಟಿ ಚುಕ್ಕಿ

ಮೊದಲು ಬ್ಯಾಪ್ಟಿಸ್ಟರು ಎಂದರೆ ಯಾರು ಎಂಬುದನ್ನು ನೋಡೋಣ. 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದ್ದ ಇಂಗ್ಲಿಷರ ಸಣ್ಣ ಗುಂಪೊಂದರಿಂದ ಈ ಪಂಥ ಹುಟ್ಟಿತು. ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದನ್ನು ಇವರು ಒಪ್ಪುವುದಿಲ್ಲ. ಬುದ್ಧಿ ಬಲಿತವನು ತಾನೇ ನಿರ್ಧರಿಸಿ, ಎಲ್ಲರೆದುರು ಹೇಳಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಪ್ರತಿ ಊರಿನ ಸಭೆಯೂ ಸ್ವತಂತ್ರ. ಅದರ ಆಡಳಿತ ಸದಸ್ಯರದ್ದೇ. ಭಾರತಕ್ಕೆ ಇದನ್ನು ತಂದವರಲ್ಲಿ ಮೊದಲಿಗರಾದ ವಿಲಿಯಂ ಕೇರಿ ಇಂಗ್ಲೆಂಡಿನಲ್ಲಿ ಬೂಟು ಹೊಲಿಯುವ ಕಸುಬಿನವರಾಗಿದ್ದರು. 1817ರಲ್ಲಿ ಬಂಗಾಳದ ಸೆರಾಂಪುರದಿಂದ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದವರೂ ಇವರೇ.

ತೆಲುಗು ನಾಡಿಗೆ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನ್ ಬಂದದ್ದು 1836ರಲ್ಲಿ. ಸ್ಯಾಮ್ಯುಯೆಲ್ ಡೇ 1840ರಲ್ಲಿ ನೆಲ್ಲೂರಿನಲ್ಲಿ ನೆಲೆ ನಿಂತರು. ವರ್ಷಗಳು ಉರುಳಿದರೂ ಸೇರಿದವರು ಬೆರಳೆಣಿಕೆಯಷ್ಟು. ಮಿಷನ್ ಮುಚ್ಚಿಬಿಡೋಣ ಎಂಬ ಮಾತು ಅಮೆರಿಕದಲ್ಲಿ ಮತ್ತೆ ಮತ್ತೆ ಎದ್ದಿತು. 1853ರಲ್ಲಿ ಅಂಥದ್ದೇ ಚರ್ಚೆ ನಡೆದಾಗ ಸ್ಯಾಮ್ಯುಯೆಲ್ ಸ್ಮಿತ್ ಎಂಬುವರು ನೆಲ್ಲೂರನ್ನು ಒಂಟಿ ನಕ್ಷತ್ರ ಎಂದು ಕರೆದು ಕವಿತೆ ಬರೆದರು. ಮುಚ್ಚುವ ನಿರ್ಧಾರ ಮುಂದಕ್ಕೆ ಹೋಯಿತು. ಆಮೇಲೆ ಲೈಮನ್ ಜ್ಯುಯೆಟ್ ದಂಪತಿ ಮತ್ತು ಮೂವರು ತೆಲುಗು ಕ್ರೈಸ್ತರು ಒಂದು ಹೊಸ ವರ್ಷದ ಮುಂಜಾನೆ ಒಂಗೋಲಿನ ಗುಡ್ಡ ಹತ್ತಿ, ಈ ಊರಿಗೆ ಒಬ್ಬ ಬೋಧಕ ಬರಲಿ ಎಂದು ಪ್ರಾರ್ಥಿಸಿದರು. ಆ ಗುಡ್ಡವನ್ನು ಅಲ್ಲಿನವರು ಇಂದಿಗೂ ಪ್ರಾರ್ಥನೆಯ ಗುಡ್ಡವೆಂದೇ ನೆನೆಯುತ್ತಾರೆ.

ಬೋಧಕ ಬರಲು ಹನ್ನೆರಡು ವರ್ಷ ಹಿಡಿಯಿತು. 1866ರಲ್ಲಿ ಜಾನ್ ಕ್ಲಫ್ ಎಂಬ ಮೂವತ್ತರ ಯುವಕ ಪತ್ನಿ ಹ್ಯಾರಿಯೆಟ್ ಜೊತೆ ಒಂಗೋಲಿಗೆ ಬಂದರು. ಓದಿಗೆ ಮೊದಲು ಅಮೆರಿಕದಲ್ಲಿ ಸರ್ವೆ ಕೆಲಸ ಮಾಡಿದ್ದವರು. ನೆಲ ಅಳೆಯುವ ಆ ವಿದ್ಯೆ ಮುಂದೆ ಸಾವಿರಾರು ಜನರ ಜೀವಕ್ಕೆ ಆಗಿಬರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. 1867ರ ಜನವರಿ 1ರಂದು ಎಂಟು ಸದಸ್ಯರೊಂದಿಗೆ ಒಂಗೋಲು ಬ್ಯಾಪ್ಟಿಸ್ಟ್ ಸಭೆ ಸ್ಥಾಪನೆಯಾಯಿತು.

ಚರ್ಮದ ವ್ಯಾಪಾರಿ ಪೇರಯ್ಯ

ಈ ಸಭೆ ಬೆಳೆದದ್ದು ಯಾರಿಂದ ಎಂದು ಕೇಳಿದರೆ ಇತಿಹಾಸದ ಪುಸ್ತಕಗಳು ಕ್ಲಫ್ ಹೆಸರು ಹೇಳುತ್ತವೆ. ಕ್ಲಫ್ ಅವರ ಬರಹಗಳು ಯರ್ರಗುಂಟ್ಲ ಪೇರಯ್ಯ ಎಂಬ ಮಾದಿಗರ ಹೆಸರು ಹೇಳುತ್ತವೆ. ಪೇರಯ್ಯ ತಾಳಕೊಂಡಪಾಡು ಎಂಬ ಹಳ್ಳಿಯವರು. ಚರ್ಮದ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದರು. ಅದಕ್ಕೂ ಮೊದಲೇ ಗುರುವೊಬ್ಬರ ಬಳಿ ಯೋಗ ಕಲಿತು, ಕೇರಿಯ ಜನರಿಗೆ ತಾವೇ ಗುರುವಿನಂತೆ ಇದ್ದವರು. ವ್ಯಾಪಾರದ ಓಡಾಟದಲ್ಲೇ ಕ್ರಿಸ್ತನ ಮಾತು ಕಿವಿಗೆ ಬಿತ್ತು. 1866ರಲ್ಲಿ ಅವರೂ ಪತ್ನಿ ನಾಗಮ್ಮನೂ ದೀಕ್ಷಾಸ್ನಾನ ಪಡೆದರು.

ಊರಿಗೆ ಹೋದ ಪೇರಯ್ಯ ಕಾಲ್ನಡಿಗೆಯಲ್ಲಿ ಹಳ್ಳಿ ಹಳ್ಳಿ ಸುತ್ತಿದರು. ಕೆಲವು ತಿಂಗಳಲ್ಲಿ ಕ್ಲಫ್‌ಗೆ ಕರೆ ಹೋಯಿತು: ಜನ ಕಾದಿದ್ದಾರೆ, ಬನ್ನಿ. 1867ರ ಜನವರಿಯಲ್ಲಿ ಆ ಹಳ್ಳಿಯ ತೋಪಿನಲ್ಲಿ ಜನ ಬುತ್ತಿ, ಹಾಸಿಗೆ ಕಟ್ಟಿಕೊಂಡು ಬಂದು ದಿನಗಟ್ಟಲೆ ಕೂತು ಕೇಳಿದರು. ಕೊನೆಗೆ 28 ಜನ ನೀರಿಗಿಳಿದರು. ಎಂಟರ ಸಭೆ ಒಂದೇ ತಿಂಗಳಲ್ಲಿ ಹಲವು ಪಟ್ಟಾಯಿತು. ಪೇರಯ್ಯನವರಂಥ ಹತ್ತಾರು ದೇಸಿ ಬೋಧಕರು ಮುಂದೆ ತಯಾರಾದರು. ಕೇರಿಯ ಹಿರಿಯರು ಕೂತು ನ್ಯಾಯ ಹೇಳುವ ಹಳೆಯ ಪದ್ಧತಿಯನ್ನೇ ಕ್ಲಫ್ ಸಭೆಯ ಆಡಳಿತಕ್ಕೆ ಬಳಸಿಕೊಂಡರು. ಪರದೇಶದಿಂದ ಬಂದ ಪಂಥ ನಮ್ಮ ಪಂಚಾಯ್ತಿ ಕಟ್ಟೆಯ ಮೇಲೆ ಕೂತಿತು.

ಸಭೆಗೆ ಸೇರುವವರಿಗೆ ಕ್ಲಫ್ ಹೇಳುತ್ತಿದ್ದ ಮುಖ್ಯ ನಿಯಮ ಮೂರು: ಭಾನುವಾರ ದುಡಿಯಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹ ಪೂಜಿಸಬಾರದು. ಕೇಳಲು ಸುಲಭ. ಆದರೆ ಆಗಿನ ಹಳ್ಳಿಯನ್ನು ನೆನೆಸಿಕೊಳ್ಳಿ. ಊರ ಹಬ್ಬಕ್ಕೆ ತಮಟೆ ಬಡಿಯುವುದು, ಸತ್ತ ದನ ಎಳೆಯುವುದು, ಕರೆದಾಗ ಬಿಟ್ಟಿ ದುಡಿಯುವುದು ಮಾದಿಗರ ಪಾಲಿಗೆ ಹುಟ್ಟಿನಿಂದ ಬಂದ ಕಟ್ಟಳೆ. ‘ಇವತ್ತು ಭಾನುವಾರ, ಬರುವುದಿಲ್ಲ’ ಎಂದು ಒಬ್ಬ ಮಾದಿಗ ಪಟೇಲನ ಮುಂದೆ ನಿಂತು ಹೇಳುವುದು ಸಣ್ಣ ಮಾತಲ್ಲ. ತಮಟೆ ಬಡಿಯುವುದಿಲ್ಲ ಎಂದದ್ದಕ್ಕೆ ಪೆಟ್ಟು ತಿಂದವರು, ಊರಿನ ಕೂಲಿ ಕಳೆದುಕೊಂಡವರು ಇದ್ದರು. ವಾರಕ್ಕೊಂದು ರಜೆಯನ್ನು ಹಕ್ಕಾಗಿ ಕೇಳಿದ ಮೊದಲ ಕೂಲಿಗಳಲ್ಲಿ ಇವರನ್ನೂ ಎಣಿಸಬೇಕು.

ಮೂರೂವರೆ ಮೈಲಿ ಗುತ್ತಿಗೆ

ಬರ ಬಂದಾಗ ಮದ್ರಾಸ್ ಸರ್ಕಾರ ಪರಿಹಾರ ಕಾಮಗಾರಿಯಾಗಿ ಕರಾವಳಿಯ ಬಕಿಂಗ್‌ಹ್ಯಾಮ್ ಕಾಲುವೆಯನ್ನು ತೋಡಿಸತೊಡಗಿತು. ಆಗಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಹೆಸರೇ ಕಾಲುವೆಗೂ ಬಂತು. ಪರಿಹಾರದ ಖರ್ಚು ಹಿಡಿತಕ್ಕೆ ತರಲು ವೈಸ್‌ರಾಯ್ ಕಳಿಸಿದ ರಿಚರ್ಡ್ ಟೆಂಪಲ್, 1877ರ ಆರಂಭದಲ್ಲಿ ಶಿಬಿರದ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಪುಡಿಗಾಸು ಎಂದು ಇಳಿಸಿದ್ದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಇಷ್ಟು ತಿಂದು ಮಣ್ಣು ಹೊರಲಾಗದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಜಗಳವನ್ನೇ ತೆಗೆದರು.

ಶಿಬಿರಗಳಿಗೆ ಹೋದ ಮಾದಿಗರಿಗೆ ಇನ್ನೊಂದು ಕಷ್ಟ ಎದುರಾಯಿತು. ಮೇಸ್ತ್ರಿಗಳು ಮೇಲ್ಜಾತಿಯವರು. ಬೈಗುಳ, ಕಡಿತ, ಕೊನೆಗೆ ಕೈಗೆ ಬರುವುದು ಚೂರುಪಾರು. ಆಗ ಕ್ಲಫ್ ತಮ್ಮ ಹಳೆಯ ಸರ್ವೆ ವಿದ್ಯೆ ನೆಚ್ಚಿಕೊಂಡು ಕಾಲುವೆಯ ಮೂರೂವರೆ ಮೈಲಿ ಭಾಗವನ್ನು ತಾವೇ ಗುತ್ತಿಗೆ ಹಿಡಿದರು. ತಮ್ಮ ಬೋಧಕರನ್ನೇ ಮೇಸ್ತ್ರಿಗಳನ್ನಾಗಿ ಮಾಡಿದರು. ಗುಡಿಸಲು ಹಾಕಿಸಿದರು, ಬಾವಿ ತೋಡಿಸಿದರು. ಆ ಜಾಗಕ್ಕೆ ಹಳ್ಳಿಗಳಿಂದ ಸಾವಿರಾರು ಜನ ಬಂದರು. ಕ್ರೈಸ್ತರೂ ಬಂದರು, ಅಲ್ಲದವರೂ ಬಂದರು. ಕೂಲಿ ಎಲ್ಲರಿಗೂ ಒಂದೇ. ದಣಿವಾರಿಸಿಕೊಳ್ಳುವ ಹೊತ್ತಲ್ಲಿ ಜನ ಮೇಸ್ತ್ರಿಗಳ ಸುತ್ತ ಕೂತು ಮಾತಿಗಿಳಿಯುತ್ತಿದ್ದರು. ಆ ಮೇಸ್ತ್ರಿ ತಮ್ಮವನೇ, ಗದರದೆ ಮಾತಾಡುವವನು. ಅದೇ ಅವರಿಗೆ ಹೊಸದು.

ಹದಿನೈದು ತಿಂಗಳು

ಇಲ್ಲಿಗೆ ಬಂದರೆ ಯಾರಿಗಾದರೂ ಒಂದು ಅನುಮಾನ ಬರುತ್ತದೆ. ಅನ್ನ ತೋರಿಸಿ ಮತಕ್ಕೆ ಸೇರಿಸಿಕೊಂಡರಲ್ಲವೇ? ಆ ಕಾಲದಲ್ಲೇ ಈ ಟೀಕೆ ಇತ್ತು. ಇಂಥವರಿಗೆ ‘ಅಕ್ಕಿ ಕ್ರೈಸ್ತರು’ ಎಂಬ ಅಡ್ಡಹೆಸರೂ ಇತ್ತು. ಅನುಮಾನ ಸಹಜವೇ. ಅದಕ್ಕೆ ದಿನಾಂಕಗಳನ್ನು ಇಟ್ಟು ನೋಡಬೇಕು.

ಕಾಮಗಾರಿ ನಡೆದ ಕಾಲದಲ್ಲಿ ಜನ ಗುಂಪುಗುಂಪಾಗಿ ಬಂದು ದೀಕ್ಷೆ ಕೇಳಿದರು. ಕ್ಲಫ್ ಕೊಡಲಿಲ್ಲ. 1877ರ ಮಾರ್ಚ್‌ನಿಂದ 1878ರ ಜೂನ್‌ವರೆಗೆ, ಸುಮಾರು 15 ತಿಂಗಳು, ಒಬ್ಬರಿಗೂ ದೀಕ್ಷಾಸ್ನಾನ ಆಗಲಿಲ್ಲ. ಹಸಿವಿನಲ್ಲಿ ಹೇಳುವ ‘ಹೂಂ’ ಎಂಬುದಕ್ಕೆ ಬೆಲೆ ಇಲ್ಲ ಎಂಬುದು ಅವರ ಲೆಕ್ಕ. ಮಳೆ ಬಂದು, ಬರ ಇಳಿದು, ಇನ್ನು ಹಂಚಲು ಹಣವಿಲ್ಲ ಎಂದು ಹೇಳಿದ ಮೇಲೂ ಜನ ಬಂದರು. ನೆರವು ಬೇಡ, ದುಡಿದು ತಿನ್ನುತ್ತೇವೆ, ಸೇರಿಸಿಕೊಳ್ಳಿ ಎಂಬುದು ಅವರ ಮಾತಿನ ಸಾರ ಎಂದು ಕ್ಲಫ್ ದಾಖಲಿಸಿದ್ದಾರೆ.

1878ರ ಜುಲೈ ಮೊದಲ ವಾರ. ಒಂಗೋಲಿನಿಂದ ಸುಮಾರು ಹತ್ತು ಮೈಲಿ ಉತ್ತರಕ್ಕೆ ವೆಲ್ಲಂಪಲ್ಲಿ ಬಳಿ ಗುಂಡ್ಲಕಮ್ಮ ಹೊಳೆ. ಜುಲೈ 2ರಂದು 614 ಜನ, 3ರಂದು 2,222, 4ರಂದು 700. ಮೂರು ದಿನಕ್ಕೆ 3,536. ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡು, ವಿಚಾರಿಸಿದ ಮೇಲೆಯೇ ನೀರಿಗಿಳಿಸಲಾಯಿತು. ದೊಡ್ಡ ದಿನ ಎಂದು ಹೆಸರಾದ ಜುಲೈ 3ರಂದು ನೀರಲ್ಲಿ ನಿಂತು ದೀಕ್ಷೆ ಕೊಟ್ಟವರು ಆರು ಮಂದಿ ತೆಲುಗು ಬೋಧಕರು, ಒಂದು ಹೊತ್ತಿಗೆ ಇಬ್ಬರಂತೆ. ಕ್ಲಫ್ ದಡದಲ್ಲಿದ್ದರು. ಆ ವರ್ಷದ ಕೊನೆಗೆ ಹೊಸಬರ ಸಂಖ್ಯೆ 9,606 ಆಯಿತು.

ಹಾಗೆಂದು ಹಸಿವಿಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನಲಾಗದು. ಬರದಲ್ಲಿ ಕೈಹಿಡಿದವರ ಮೇಲಿನ ಋಣ, ಪಟೇಲ–ಶಾನುಭೋಗರ ಕಾಟಕ್ಕೆ ಒಬ್ಬ ಬಿಳಿಯನ ಆಸರೆ ಸಿಕ್ಕೀತೆಂಬ ಆಸೆ, ಪೇರಯ್ಯನವರಂಥವರು ಬಿತ್ತಿದ ಭಕ್ತಿ, ಮಕ್ಕಳು ಅಕ್ಷರ ಕಲಿಯಲಿ ಎಂಬ ಹಂಬಲ, ಎಲ್ಲವೂ ಸೇರಿದ್ದವು. ಮನುಷ್ಯರು ಒಂದೇ ಕಾರಣಕ್ಕೆ ಬದುಕು ಬದಲಿಸುವುದು ಕಡಿಮೆ. ಆದರೆ ಬಡವ ಬದಲಾದರೆ ಮಾತ್ರ ‘ಹೊಟ್ಟೆಗಾಗಿ’ ಎಂದುಬಿಡುವುದು ಅವನಿಗೆ ಮನಸ್ಸೇ ಇಲ್ಲ ಎಂದಂತೆ.

ಆಮೇಲೆ

ಸಭೆಯ ಜೊತೆ ಹಳ್ಳಿ ಶಾಲೆಗಳು ಬಂದವು. ರಾಮಪಟ್ಟಣದಲ್ಲಿ ಬೋಧಕರ ತರಬೇತಿ ಶಾಲೆ ಅದಾಗಲೇ ಇತ್ತು. ಒಂಗೋಲಿನಲ್ಲಿ ಹೈಸ್ಕೂಲು, ಮುಂದೆ ಆಸ್ಪತ್ರೆಯೂ ಆಯಿತು. ದೊಡ್ಡ ಸಭೆ ಒಡೆದು ಹಲವು ಊರುಗಳ ಸಭೆಗಳಾದವು. ಕ್ಲಫ್ ಅವರ ಎರಡನೇ ಪತ್ನಿ ಎಮ್ಮಾ 1899ರಲ್ಲಿ ಮಾದಿಗರ ಕಥೆ, ನಂಬಿಕೆಗಳನ್ನು ಒಂದು ಪುಸ್ತಕ ಮಾಡಿದರು. ಕ್ಲಫ್ 1910ರಲ್ಲಿ ತೀರಿಕೊಂಡರು. ಚಪ್ಪಲಿ ಹೊಲಿದವರ ಮೊಮ್ಮಕ್ಕಳು ಮೇಷ್ಟ್ರಾದರು, ನರ್ಸ್ ಆದರು.

ಕಥೆ ಸುಖಾಂತ್ಯವೆಂದು ಪುಸ್ತಕ ಮುಚ್ಚುವ ಹಾಗಿಲ್ಲ. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿ ಆದೇಶ ನಮಗೆ ಪರೀಕ್ಷೆಗೂ ಬರುತ್ತದೆ. ಅದರಂತೆ ಆ ಸ್ಥಾನಮಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೂ, 1990ರಿಂದ ಬೌದ್ಧರಿಗೂ ಉಂಟು. ಕ್ರೈಸ್ತರಾದ ದಲಿತರಿಗೆ ಇಲ್ಲ. ಆಂಧ್ರದಲ್ಲಿ ಪರಿಶಿಷ್ಟ ಜಾತಿಗೆ ಶೇ 15 ಮೀಸಲಾತಿ ಇದ್ದರೆ, ಮತಾಂತರಗೊಂಡ ದಲಿತರು ಹಿಂದುಳಿದ ವರ್ಗದ ‘ಸಿ’ ಗುಂಪಿನಲ್ಲಿ ಶೇ 1ರ ಪಾಲುದಾರರು. ಮತ ಬದಲಾದರೂ ಕೇರಿ ಬದಲಾಗಿಲ್ಲ, ಅವಮಾನ ನಿಂತಿಲ್ಲ ಎನ್ನುವುದು ಒಂದು ವಾದ. ಜಾತಿ ಒಪ್ಪದ ಧರ್ಮಕ್ಕೆ ಹೋದವರಿಗೆ ಜಾತಿಯ ಮೀಸಲಾತಿ ಏಕೆ, ಇರುವ ಪಾಲೇ ಸಾಲದಲ್ಲ ಎನ್ನುವುದು ಇನ್ನೊಂದು. ಇದನ್ನು ಪರಿಶೀಲಿಸಲು 2022ರಲ್ಲಿ ಕೇಂದ್ರ ಸರ್ಕಾರ ಕೆ.ಜಿ. ಬಾಲಕೃಷ್ಣನ್ ಆಯೋಗ ರಚಿಸಿತು. ಒಂಗೋಲು ಸೀಮೆಯ ಎಷ್ಟೋ ಯುವಕ ಯುವತಿಯರಿಗೆ ಇದು ಅರ್ಜಿಯ ಒಂದು ಕಾಲಂ ತುಂಬುವಾಗ ಎದುರಾಗುವ ಪ್ರಶ್ನೆ. ಅಜ್ಜನ ಅಜ್ಜ ಹೊಳೆಗಿಳಿದು ಮಾಡಿದ ಆಯ್ಕೆ ಇವತ್ತಿನ ಕಟ್‌ಆಫ್ ಅಂಕವನ್ನು ಬದಲಿಸುತ್ತದೆ.

ಈ ಇತಿಹಾಸದಲ್ಲಿ ಎಲ್ಲರೂ ಹೇಳುವ ಅಂಕಿ 2,222. ನನಗೆ ಉಳಿದದ್ದು ಆ 15 ತಿಂಗಳು. ಕೆಲಸ ಕೊಡುವವನ ಕೈಯಲ್ಲಿ ದೊಡ್ಡ ಅಧಿಕಾರ ಇರುತ್ತದೆ. ಅರ್ಜಿ ಹಿಡಿದು ನಿಂತವನಿಂದ ಲಂಚ ಕೇಳಬಹುದು, ಬಾಂಡ್ ಕೇಳಬಹುದು, ಜಾತಿ ಕೇಳಬಹುದು, ‘ನಮ್ಮವನಾಗು’ ಎಂದೂ ಕೇಳಬಹುದು. ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿಯಲ್ಲಿ ಕೇಳಿದ್ದು ದುಡಿಮೆಯನ್ನು ಮಾತ್ರ. ದುಡಿದವನಿಗೆ ಕೂಲಿ ಸಂದಿತು. ಮಿಕ್ಕದ್ದನ್ನು ಹೊಟ್ಟೆ ತುಂಬಿದ ಮೇಲೆ ಅವನೇ ತೀರ್ಮಾನಿಸಲಿ ಎಂದು ಬಿಡಲಾಯಿತು. ನಾಳೆ ನಮ್ಮಲ್ಲಿ ಯಾರಾದರೂ ಕೆಲಸ ಕೊಡುವ ಕುರ್ಚಿಯಲ್ಲಿ ಕೂತರೆ, ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.